ಕಳ್ಳಿ ಬೇಲಿಯ ನಲವತ್ತೆಂಟು ದಿನ

ದಿಬ್ಬೂರಹಳ್ಳಿ
18-10-1958, ಶನಿವಾರ

ಚಿರಂಜೀವಿ ಚನ್ನಕೇಶವನಿಗೆ ಅಕ್ಕನ ಆಶೀರ್ವಾದ.

ನಾವು ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯುವುದು ಪದ್ಧತಿ. ಈ ಸಲ ಆ ಸಾಲು ಬಿಟ್ಟಿದ್ದೇನೆ, ತಪ್ಪು ತಿಳಿಯಬೇಡ. ಈ ಕಾಗದ ಕೈಗೆ ಬಂದ ಕೂಡಲೇ ಎರಡು ದಿನ ರಜ ಹಾಕಿ ಹೊರಟು ಬಾ. ಬರುವ ಶುಕ್ರವಾರದೊಳಗೆ ಬರಬೇಕು. ಶನಿವಾರ ಬಂದರೆ ಬಂದೂ ಉಪಯೋಗವಿಲ್ಲ.

ನಮ್ಮ ಹಿಪ್ಪುನೇರಳೆ ತೋಟಕ್ಕೂ ಪಕ್ಕದ ನಲ್ಲಪ್ಪನ ತೋಟಕ್ಕೂ ನಡುವೆ ಕಳ್ಳಿ ಬೇಲಿ ಇತ್ತಲ್ಲ, ಆಗಸ್ಟಿನ ಮಳೆಯಲ್ಲಿ ಹಳ್ಳ ಉಕ್ಕಿ ಅದನ್ನೂ ಮೂಲೆಯ ಗಡಿಕಲ್ಲನ್ನೂ ಕೊಚ್ಚಿಕೊಂಡು ಹೋಯಿತು. ಆಗ ನಿಮ್ಮ ಭಾವ ಊರಲ್ಲಿರಲಿಲ್ಲ. ಚಿಂತಾಮಣಿಯಲ್ಲಿ ಅವರ ಅಣ್ಣ ಮನೆ ಕಟ್ಟಿಸುತ್ತಿದ್ದರು, ಅಲ್ಲಿ ಇಪ್ಪತ್ತು ದಿನ ಇದ್ದರು. ಬೇಲಿ ಇಲ್ಲದೆ ಬಿಟ್ಟರೆ ದನ ನುಗ್ಗಿ ಸೊಪ್ಪೆಲ್ಲ ಮೇಯುತ್ತವೆ, ರೇಷ್ಮೆ ಹುಳುವಿಗೆ ಏನು ಹಾಕುವುದು ಎಂದು ನಾನೇ ಹೊಸ ಕಳ್ಳಿ ನೆಟ್ಟೆ. ಈಗ ಎರಡು ತಿಂಗಳಾದ ಮೇಲೆ ನಲ್ಲಪ್ಪ ತಕರಾರು ತೆಗೆದಿದ್ದಾನೆ. ಬೇಲಿ ಮೂರು ಹೆಜ್ಜೆ ಅವನ ಕಡೆಗೆ ಸರಿದಿದೆಯಂತೆ.

ಸೋಮವಾರ ಪಂಚಾಯ್ತಿ ಸೇರಿತು. ಕಲ್ಲೇ ಇಲ್ಲದ ಮೇಲೆ ಯಾರ ಮಾತು ನಿಜವೆಂದು ಹೇಳುವುದು ಎಂದು ಪಟೇಲರು ಕೈಚೆಲ್ಲಿದರು. ಸರ್ಕಾರದ ಅಳತೆಗೆ ಅರ್ಜಿ ಹಾಕಿ, ಇಲ್ಲವೇ ಹಳೇ ಕಾಲದ ಹಾಗೆ ಮಣ್ಣು ಹೊತ್ತು ನಡೆಯಿರಿ ಎಂದರು. ನಿಮ್ಮ ಭಾವ ಎದ್ದು ನಿಂತು ನಾನೇ ಹೊರುತ್ತೇನೆ ಎಂದುಬಿಟ್ಟರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಪಟ್ಟಣ ಸೇರಿದ ನಿನಗೆ ಮರೆತಿರಬಹುದು. ತಲೆಗೆ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ, ಅದೇ ಹೊಲದ ಮಣ್ಣನ್ನು ತಲೆ ಮೇಲೆ ಹೊತ್ತು, ಇದೇ ಗಡಿ ಎಂದು ಹೇಳುತ್ತ ಊರವರ ಮುಂದೆ ನಡೆಯಬೇಕು. ನಡೆದ ಗೆರೆ ಸುಳ್ಳಾದರೆ ನಲವತ್ತೆಂಟು ದಿನದೊಳಗೆ ಆ ಮನೆಯಿಂದ ಒಂದು ಜೀವ ಹೋಗುತ್ತದೆ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಇರುವುದೇ ಎರಡು ಜೀವ ಕಣೋ.

ನೀನು ಕಚೇರಿಯವನು, ನಿನ್ನ ಮಾತಿಗೆ ಅವರು ಬೆಲೆ ಕೊಡುತ್ತಾರೆ. ಬಂದು ನಿಲ್ಲಿಸು. ಯಾಕೆ ಎಂದು ಮಾತ್ರ ಕೇಳಬೇಡ.

ನಿನ್ನ ಅಕ್ಕ
ವೆಂಕಟರತ್ನಮ್ಮ


ಗೌರಿಬಿದನೂರು
21-10-1958

ಅಕ್ಕನಿಗೆ ಚನ್ನಕೇಶವನ ನಮಸ್ಕಾರಗಳು.

ನಿನ್ನ ಕಾಗದ ಓದಿ ಮೊದಲು ಗಾಬರಿಯಾಯಿತು, ಎರಡನೇ ಸಲ ಓದಿದಾಗ ನಗು ಬಂತು. ಮಂಕರಿ ಮಣ್ಣು ಹೊತ್ತು ಸತ್ತವರಿದ್ದರೆ ಈ ತಾಲ್ಲೂಕಿನಲ್ಲಿ ಕೆರೆ ಹೂಳು ಹೊರುವವರೊಬ್ಬರೂ ಉಳಿಯುತ್ತಿರಲಿಲ್ಲ. ಭಾವನಿಗೆ ಒದ್ದೆ ಬಟ್ಟೆಯಲ್ಲಿ ನೆಗಡಿ ಬಂದರೆ ಮೆಣಸಿನ ಕಷಾಯ ಮಾಡಿ ಕೊಡು, ಅಷ್ಟೇ.

ನನಗೆ ಅನ್ನಿಸುವುದು, ನಲ್ಲಪ್ಪ ಏನೋ ಹೆದರಿಸಿದ್ದಾನೆ. ಅವನ ಬಾಯಿ ನನಗೂ ಗೊತ್ತು. ದಾರಿಗೆ ಅಡ್ಡ ನಿಂತನೋ, ಕಡಿಯುತ್ತೇನೆ ಗಿಡಿಯುತ್ತೇನೆ ಎಂದನೋ, ಬಿಡಿಸಿ ಬರೆ. ಇಲ್ಲಿಂದಲೇ ಅವನಿಗೆ ಬುದ್ಧಿ ಕಲಿಸುವ ದಾರಿ ಇದೆ. ಶಿಡ್ಲಘಟ್ಟದ ಕಚೇರಿಯಲ್ಲಿ ನನಗೆ ಗುರುತಿನವರಿದ್ದಾರೆ.

ಭಾವ ಒಂದು ಮಾತು ಹೇಳಿದರೆ ಅಳೆದು ಹೇಳುವವರು. ಅವರೇ ಮುಂದೆ ಬಂದು ಹೊರುತ್ತೇನೆ ಎಂದ ಮೇಲೆ ಗೆರೆ ಸರಿಯಾಗಿಯೇ ಇರುತ್ತದೆ. ಗಂಡನ ಮೇಲೆ ನಿನಗೇ ನಂಬಿಕೆ ಇಲ್ಲವೆಂದರೆ ಊರವರು ಏನೆಂದಾರು.

ರಜ ಈಗ ಸಿಕ್ಕುವುದಿಲ್ಲ. ಇನ್ನೊಂದು ಸಂಗತಿ, ಚಿಂತಾಮಣಿ ಕಡೆಯವರೊಬ್ಬರು ನನಗೆ ಹೆಣ್ಣು ಕೊಡುವ ಮಾತೆತ್ತಿದ್ದಾರೆ. ಒಳ್ಳೆಯ ಮನೆತನ. ಕಾರ್ತೀಕ ಕಳೆಯಲಿ, ನೀವಿಬ್ಬರೂ ಬಂದು ನೋಡಬೇಕು.

ನಿನ್ನ ತಮ್ಮ
ಚನ್ನಕೇಶವ


ದಿಬ್ಬೂರಹಳ್ಳಿ
26-10-1958, ಭಾನುವಾರ

ಚನ್ನ,

ನಿನ್ನ ಕಾಗದ ನಿನ್ನೆ ಬಂತು. ಅವರು ಮೊನ್ನೆಯೇ ನಡೆದಾಗಿತ್ತು.

ಶುಕ್ರವಾರ ಬೆಳಿಗ್ಗೆ ಬಾವಿಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲೇ ಬಂದರು. ತೋಟದ ಮಣ್ಣನ್ನು ಮಂಕರಿಗೆ ತುಂಬಿ ಪಟೇಲರು ತಲೆ ಮೇಲಿಟ್ಟರು. ಊರು ಊರೇ ನಿಂತಿತ್ತು. ಇದು ನನ್ನ ಗಡಿ, ಇದರಾಚೆ ನನ್ನದಲ್ಲ, ಸುಳ್ಳಾಡಿದರೆ ಈ ಮಣ್ಣು ನನ್ನನ್ನು ತಿನ್ನಲಿ ಎಂದು ಮೂರು ಸಲ ಹೇಳಿ ಹೊಸ ಕಳ್ಳಿಯ ಪಕ್ಕದಲ್ಲೇ ನಡೆದರು. ಮೂಲೆಯ ಜಾಲಿ ಮರದ ಹತ್ತಿರ ಒಂದು ಗಳಿಗೆ ನಿಂತರು. ಕಾಲಿಗೆ ಮುಳ್ಳು ಚುಚ್ಚಿತೇನೋ ಎಂದುಕೊಂಡೆ. ಆಮೇಲೆ ಮುಂದೆ ಹೋಗಿ ಮಣ್ಣು ಸುರಿದರು. ನಲ್ಲಪ್ಪ ತಲೆ ತಗ್ಗಿಸಿ ಮನೆಗೆ ಹೋದ. ಊರಿನ ಮಟ್ಟಿಗೆ ಜಗಳ ಮುಗಿಯಿತು.

ಯಾಕೆ ಎಂದು ಕೇಳಬೇಡ ಎಂದಿದ್ದೆ. ಈಗ ಹೇಳದೆ ಇರಲಾರೆ. ಓದಿ ಒಲೆಗೆ ಹಾಕು.

ನಲ್ಲಪ್ಪ ಹೇಳಿದ್ದು ನಿಜ. ಬೇಲಿಯನ್ನು ಸರಿಸಿದವಳು ನಾನು.

ಹಳ್ಳ ಇಳಿದ ಮಾರನೆಯ ವಾರ ನಲ್ಲಪ್ಪನ ಮನೆಯವರೆಲ್ಲ ಮಗಳು ಗಂಗುಲಮ್ಮನ ಗಂಡನ ಊರಿಗೆ, ನಗರಗೆರೆಗೆ, ಹೋಗಿದ್ದರು. ಎರಡು ಬೆಳಿಗ್ಗೆ ಒಬ್ಬಳೇ ಕಳ್ಳಿ ತುಂಡು ನೆಟ್ಟೆ. ಹಳೆಯ ಗೆರೆ ಎಲ್ಲಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೊದಲ ತುಂಡನ್ನು ಅಲ್ಲೇ ನೆಟ್ಟೆ. ಆಮೇಲೆ ಕಿತ್ತು ಮೂರು ಹೆಜ್ಜೆ ಆಚೆ ನೆಟ್ಟೆ. ಒಂದು ಸಾಲು ಸೊಪ್ಪು ಹೆಚ್ಚಿಗೆ ಬೆಳೆಯಬಹುದು ಎಂಬ ಆಸೆ ಒಂದು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಯುಗಾದಿ ಹೊತ್ತಿಗೆ ನಲ್ಲಪ್ಪನ ಹೆಂಡತಿ ಮುನಿಶಾಮಮ್ಮ ಬಾವಿ ಕಟ್ಟೆ ಮೇಲೆ ನಾಲ್ಕು ಜನರ ಮುಂದೆ, “ಯಾರು ಉಣ್ಣೋದಕ್ಕೆ ಅಂತ ಇಷ್ಟು ದುಡಿತೀಯಮ್ಮ ನೀನು” ಅಂದಿದ್ದಳು. ಆ ಮಾತು ಹೊಟ್ಟೆಯಲ್ಲಿ ಕೂತಿತ್ತು. ಒಂದೊಂದು ತುಂಡು ನೆಡುವಾಗಲೂ ಅದೇ ಕೇಳುತ್ತಿತ್ತು.

ಕಳ್ಳಿ ಹಾಲು ತಾಗಿ ಅಂಗೈಯೆಲ್ಲ ಬೊಬ್ಬೆ ಎದ್ದಿತ್ತು. ಅವರು ಚಿಂತಾಮಣಿಯಿಂದ ಬಂದವರು ಕೈ ಹಿಡಿದು ಹರಳೆಣ್ಣೆ ಹಚ್ಚಿದರು. ಬೇಲಿ ಹೇಗಿತ್ತೋ ಹಾಗೇ ನೆಟ್ಟಿದ್ದೇನೆ ಎಂದೆ. ಹೂಂ ಎಂದರು. ನನ್ನ ಮಾತನ್ನು ನಂಬಿ ಮಣ್ಣು ಹೊತ್ತರು ಚನ್ನ. ತಿಳಿಯದೆ ನಡೆದವರನ್ನು ದೇವರು ಬಿಟ್ಟಾನು ಎಂಬ ಒಂದೇ ಆಸೆ ಇಟ್ಟುಕೊಂಡಿದ್ದೇನೆ. ಹೇಳಿಬಿಡಲೇ? ಹೇಳಿದರೆ ಶಾಪ ಇಳಿಯುತ್ತದೆಯೇ? ಹೇಳಿದ ಮೇಲೆ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಬೇಗ ಬರೆ.

ಅಕ್ಕ


ದಿಬ್ಬೂರಹಳ್ಳಿ
6-11-1958, ಗುರುವಾರ

ಚನ್ನ,

ಹತ್ತು ದಿನವಾಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ನನ್ನ ಕಾಗದ ಬೇರೆಯವರ ಕೈಗೆ ಸಿಕ್ಕಿತೋ, ಇಲ್ಲ ನಿನಗೇ ನನ್ನ ಮೇಲೆ ಹೇಸಿಗೆ ಬಂತೋ ತಿಳಿಯದು. ಈ ಕಾಗದವನ್ನು ರೇಷ್ಮೆ ಗೂಡು ಕೊಳ್ಳಲು ಬಂದ ಸಾದಿಕ್ ಪಾಷಾ ಸಾಹೇಬರ ಕೈಯಲ್ಲಿ ಕೊಟ್ಟು ಶಿಡ್ಲಘಟ್ಟದಲ್ಲಿ ಟಪಾಲಿಗೆ ಹಾಕಿಸುತ್ತಿದ್ದೇನೆ.

ಇವತ್ತಿಗೆ ಹದಿನಾಲ್ಕನೇ ದಿನ. ಹುಳುವಿಗೆ ಹಾಲುತೊಂಡೆ ರೋಗ ಬಿತ್ತು. ಮೈ ಉಬ್ಬಿ, ಹಾಲಿನಂಥ ನೀರು ಒಡೆದು ಒಂದು ಕಡೆಯಿಂದ ಸಾಯುತ್ತಿವೆ. ಹನ್ನೆರಡು ತಟ್ಟೆ ಹುಳು ಗುಂಡಿಗೆ ಹಾಕಿದೆವು. ಮಳೆ ತೇವಕ್ಕೆ ಬರುವ ರೋಗವೇ ಎಂದು ಸಾಹೇಬರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಹುಳುವಿನಿಂದ ಶುರುವಾಗಿ ಎಲ್ಲಿಗೆ ಬರುತ್ತದೆ ಎಂದು ನನಗೆ ಗೊತ್ತು.

ಅವರು ಸರಿಯಾಗಿ ಉಣ್ಣುತ್ತಿಲ್ಲ. ಎರಡು ಮುದ್ದೆ ಉಣ್ಣುತ್ತಿದ್ದವರು ಅರ್ಧಕ್ಕೆ ಕೈ ತೊಳೆಯುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಅವರ ಎದೆ ಏಳುತ್ತಿದೆಯೇ ಎಂದು ನೋಡುತ್ತೇನೆ, ಆಮೇಲೆ ಒಲೆ ಹತ್ತಿಸುತ್ತೇನೆ. ಮರ ಹತ್ತಬೇಡಿ ಎನ್ನುತ್ತೇನೆ. ಸಾರನ್ನು ನಾನು ಮೊದಲು ಬಾಯಿಗೆ ಹಾಕಿ ನೋಡಿ ಆಮೇಲೆ ಬಡಿಸುತ್ತೇನೆ. ಹುಲ್ಲಿಗೆ ಹೋದವರು ಸ್ವಲ್ಪ ತಡವಾದರೆ ಬೀದಿ ಬಾಗಿಲಿಗೆ ಬಂದು ನಿಲ್ಲುತ್ತೇನೆ.

ಇನ್ನೊಂದು ವಿಚಿತ್ರ. ಅವರು ನನ್ನನ್ನು ಬಾವಿ ಹತ್ತಿರ ಬಿಡುತ್ತಿಲ್ಲ. ನೀರು ತಾವೇ ಸೇದಿ ತರುತ್ತಾರೆ. ಸೊಪ್ಪು ಕೊಯ್ಯಲೂ ಬೇಡ, ಮನೆಯಲ್ಲೇ ಕೂತಿರು ಎನ್ನುತ್ತಾರೆ, ಅದೂ ಮುಖ ನೋಡದೆ. ಅನುಮಾನ ಬಂದಿರಬೇಕು. ನನ್ನ ಕೈಯಿಂದ ನೀರೂ ಬೇಡ ಎನ್ನುವಷ್ಟು ಅಸಹ್ಯವಾಗಿದೆಯೋ ಏನೋ.

ದೀಪಾವಳಿ ಕಳೆಯಲಿ, ಹೇಳಿಬಿಡುತ್ತೇನೆ. ಓಡಿಸಿದರೆ ನಿನ್ನ ಹತ್ತಿರ ಬರುತ್ತೇನೆ. ಒಂದು ಮೂಲೆ ಕೊಟ್ಟರೆ ಸಾಕು, ನಿನಗೆ ಭಾರವಾಗುವುದಿಲ್ಲ.

ಅಕ್ಕ


ಗೌರಿಬಿದನೂರು
9-11-1958

ಅಕ್ಕನಿಗೆ ನಮಸ್ಕಾರ.

ನಮ್ಮ ಕಚೇರಿಯ ಸಾಹೇಬರೊಡನೆ ಹಳ್ಳಿಗಳ ಮೇಲೆ ಸುತ್ತಾಟದಲ್ಲಿದ್ದೆ. ನಿನ್ನ ಎರಡು ಕಾಗದವೂ ಒಟ್ಟಿಗೆ ಸಿಕ್ಕವು. ಮೊದಲು ಇದನ್ನು ಓದು, ಆಮೇಲೆ ಏನು ಮಾಡಬೇಕೋ ಮಾಡು. ಭಾವನಿಗೆ ಒಂದಕ್ಷರವನ್ನೂ ಹೇಳಬೇಡ.

ನಿನ್ನೆ ಶಿಡ್ಲಘಟ್ಟಕ್ಕೆ ಹೋಗಿದ್ದೆ. ಗುರುತಿನವರ ಕೈಯಲ್ಲಿ ನಿಮ್ಮ ಸರ್ವೆ ನಂಬರಿನ ನಕ್ಷೆ ತೆಗೆಸಿ ನೋಡಿದೆ. ನೀನು ಈಗ ನೆಟ್ಟಿರುವುದೇ ಸರಿಯಾದ ಗಡಿ. ಹಳೆಯ ಬೇಲಿ ಮೂರು ಹೆಜ್ಜೆ ನಿಮ್ಮ ಕಡೆಗೆ ಬಂದಿತ್ತು, ನಲ್ಲಪ್ಪನ ಅಪ್ಪನ ಕಾಲದಲ್ಲಿ ಆದ ತಪ್ಪಿರಬೇಕು. ನೀನು ತಿಳಿಯದೆ ಸರಿಯಾದ ಜಾಗಕ್ಕೇ ಬೇಲಿ ಹಾಕಿದ್ದೀಯ. ಭಾವ ನಡೆದದ್ದು ಸತ್ಯದ ಗೆರೆಯಲ್ಲೇ.

ಹೆದರಿಕೆ ಬಿಡು. ಹೊಟ್ಟೆ ತುಂಬ ಊಟ ಮಾಡು. ನಕ್ಷೆಯ ವಿಷಯ ನಿನ್ನಲ್ಲೇ ಇರಲಿ, ಅಳತೆಗೆ ಅರ್ಜಿ ಗಿರ್ಜಿ ಹಾಕಲು ಹೋಗಬೇಡಿ.

ಚನ್ನಕೇಶವ


ದಿಬ್ಬೂರಹಳ್ಳಿ
15-11-1958, ಶನಿವಾರ

ನನ್ನಪ್ಪ ಚನ್ನ,

ನಿನ್ನ ಕಾಗದವನ್ನು ದೇವರ ಮುಂದೆ ಇಟ್ಟು ಅಡ್ಡಬಿದ್ದೆ. ನಗಬೇಡ. ಮೂರು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ. ದೀಪಾವಳಿಗೆ ಹೋಳಿಗೆ ಮಾಡಿದೆ. ಅವರು ಎರಡು ತಿಂದರು. ಏನೇ ಇವತ್ತು ಮುಖದಲ್ಲಿ ಕಳೆ ಬಂದಿದೆ ಎಂದರು. ಹೇಳಬೇಡ ಎಂದಿದ್ದೀಯಲ್ಲ, ನಕ್ಕು ಸುಮ್ಮನಾದೆ.

ಆದರೆ ಮುನಿಶಾಮಮ್ಮನ ಮುಂದೆ ಸುಮ್ಮನಿರಲು ಆಗಲಿಲ್ಲ. ಬುಧವಾರ ಹಿಟ್ಟಿನ ಗಿರಣಿ ಹತ್ತಿರ ಸಿಕ್ಕಳು. ಎಂದಿನಂತೆ ಮುಖ ತಿರುಗಿಸಿದಳು. ನಾನೇ ಕರೆದು, ಸರ್ಕಾರದ ಕಾಗದದಲ್ಲೂ ನಮ್ಮದೇ ಸತ್ಯ ಅಂತ ಬರೆದಿದೆಯಮ್ಮ, ನಮ್ಮ ಚನ್ನ ಕಣ್ಣಾರೆ ನೋಡಿ ಬಂದಿದ್ದಾನೆ ಎಂದೆ. ಸುಮ್ಮಸುಮ್ಮನೆ ಒಬ್ಬರ ತಲೆ ಮೇಲೆ ಮಣ್ಣು ಹೊರಿಸಿದವರನ್ನು ಆ ಮಣ್ಣು ಬಿಡುತ್ತದೆಯೇ ಎಂದೂ ಕೇಳಿದೆ. ಅವಳ ಮುಖ ಬಿಳುಚಿಕೊಂಡಿತು. ಹಿಟ್ಟಿನ ಚೀಲ ಅಲ್ಲೇ ಬಿಟ್ಟು ಮನೆಗೆ ಹೋದಳು. ಸುಳ್ಳು ಯಾಕೆ, ನನಗೆ ಹಾಯೆನಿಸಿತು. ಯುಗಾದಿಯ ಮಾತಿಗೆ ಬಡ್ಡಿ ಸೇರಿಸಿ ಕೊಟ್ಟ ಹಾಗಾಯಿತು.

ರೇಷ್ಮೆ ಹುಳುವಿನ ಹೊಸ ಮೊಟ್ಟೆ ತರಿಸಿದ್ದೇವೆ. ಹುಡುಗಿಯ ಮನೆಯವರ ವಿಷಯ ಏನಾಯಿತು, ಬರೆ.

ಅಕ್ಕ


ಗೌರಿಬಿದನೂರು
18-11-1958

ಅಕ್ಕ,

ಯಾಕೆ ಹೇಳಿದೆ? ನಿನ್ನಲ್ಲೇ ಇರಲಿ ಎಂದು ಸ್ಪಷ್ಟವಾಗಿ ಬರೆದಿದ್ದೆನಲ್ಲ. ಇನ್ನು ಯಾರ ಹತ್ತಿರವೂ ಆ ಮಾತೆತ್ತಬೇಡ. ಯಾರಾದರೂ ಕೇಳಿದರೆ ನನಗೆ ಸರಿಯಾಗಿ ಗೊತ್ತಿಲ್ಲ ಎನ್ನು. ನಲ್ಲಪ್ಪ ಶಿಡ್ಲಘಟ್ಟಕ್ಕೆ ಹೋಗುವ ಸೂಚನೆ ಕಂಡರೆ ಕೂಡಲೇ ನನಗೆ ತಿಳಿಸು.

ಉಳಿದಂತೆ ಇಲ್ಲಿ ಎಲ್ಲವೂ ಸರಿಯಾಗಿದೆ.

ಚನ್ನಕೇಶವ


ದಿಬ್ಬೂರಹಳ್ಳಿ
27-11-1958, ಗುರುವಾರ

ಚನ್ನ,

ನಿನ್ನ ಕಾರ್ಡು ಒಗಟಿನ ಹಾಗಿತ್ತು. ಸತ್ಯ ಹೇಳಿದ್ದಕ್ಕೆ ಯಾಕೆ ಇಷ್ಟು ಸಿಟ್ಟು? ನಲ್ಲಪ್ಪ ಶಿಡ್ಲಘಟ್ಟಕ್ಕೂ ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ. ಅವನು ಮನೆಯಿಂದ ಹೊರಗೇ ಬರುತ್ತಿಲ್ಲ.

ಅವನ ಮಗಳು ಗಂಗುಲಮ್ಮ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಏಳು ತಿಂಗಳು ತುಂಬಿದೆ. ಒಂದು ವಾರದಿಂದ ಮುಖ, ಕೈಕಾಲು ಬಾತುಕೊಂಡಿವೆ. ತಲೆ ಸಿಡಿಯುತ್ತದಂತೆ, ಎದುರಿಗಿದ್ದವರೂ ಮಂಜುಮಂಜಾಗಿ ಕಾಣುತ್ತಾರಂತೆ. ಸೂಲಗಿತ್ತಿ ನೋಡಿ, ಇದು ನನ್ನ ಕೈಯಲ್ಲಿ ಆಗುವುದಲ್ಲ, ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಳಂತೆ. ನಲ್ಲಪ್ಪ ಒಪ್ಪಿಲ್ಲ. ಇದು ಔಷಧಿಯ ವಿಷಯವಲ್ಲ, ಸತ್ಯವಂತನ ತಲೆ ಮೇಲೆ ಮಣ್ಣು ಹೊರಿಸಿದ್ದಕ್ಕೆ ಬಂದದ್ದು, ಆಸ್ಪತ್ರೆಗೆ ಹೋದರೂ ಅದು ಬೆನ್ನು ಬಿಡುವುದಿಲ್ಲ ಎಂದು ಕೂತಿದ್ದಾನೆ.

ನಿನ್ನೆ ಮುನಿಶಾಮಮ್ಮ ನಮ್ಮ ಅಂಗಳಕ್ಕೆ ಬಂದಳು. ನಮ್ಮ ಅಮ್ಮ ಇದ್ದಿದ್ದರೆ ಹತ್ತಿರ ಹತ್ತಿರ ಅದೇ ವಯಸ್ಸು. ಬಂದವಳೇ ನನ್ನ ಕಾಲು ಹಿಡಿದಳು. ಅಳು ಬಂದರೆ ಅವಳಿಗೆ ತೆಲುಗೇ ಬರುವುದು. “ತಪ್ಪಯಿಂದಿ ತಲ್ಲೀ, ತಪ್ಪಾಯ್ತು ತಾಯಿ, ನನ್ನ ಮಗಳ್ನ ಬಿಟ್ಟುಬಿಡು” ಅಂದಳು. ನಾನೇ ಏನೋ ಹಿಡಿದುಕೊಂಡಿರುವ ಹಾಗೆ. ನಾನು ಎಬ್ಬಿಸಿ, ಕುಂಕುಮ ಕೊಟ್ಟು, ನಮ್ಮ ಮನಸ್ಸಿನಲ್ಲಿ ಏನೂ ಇಲ್ಲ, ಹೋಗಮ್ಮ, ವಾಸಿಯಾಗುತ್ತದೆ ಎಂದೆ. ಆ ಗಳಿಗೆಯಲ್ಲಿ ನಾನು ದೊಡ್ಡವಳು ಎನಿಸಿತು.

ನಿಮ್ಮ ಭಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಸಾಯಂಕಾಲ ಊಟವೇ ಬೇಡ ಎಂದರು.

ಇವತ್ತು ಬೆಳಿಗ್ಗೆ ವಿಚಾರಿಸಿದೆ. ಗಂಗುಲಮ್ಮನಿಗೆ ಹೆಚ್ಚಾಗಿದೆಯಂತೆ. ನಾನು ಕೊಟ್ಟ ಕುಂಕುಮವನ್ನೇ ಹಣೆಗೆ ಹಚ್ಚಿ ಮಲಗಿಸಿದ್ದಾರೆ.

ಅಕ್ಕ


ಗೌರಿಬಿದನೂರು
30-11-1958, ಭಾನುವಾರ

ಅಕ್ಕ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಇನ್ನು ಹರಿಯುವಷ್ಟು ಸಮಯವಿಲ್ಲ.

ನಾನು ಶಿಡ್ಲಘಟ್ಟಕ್ಕೆ ಹೋಗಲೇ ಇಲ್ಲ. ಯಾವ ನಕ್ಷೆಯನ್ನೂ ನೋಡಿಲ್ಲ. ಅಲ್ಲಿ ನನಗೆ ಗುರುತಿನವರೂ ಇಲ್ಲ. ಎಲ್ಲ ಇಲ್ಲಿ ಮೇಜಿನ ಮುಂದೆ ಕೂತು ಕಟ್ಟಿದ ಸುಳ್ಳು. ಹಳ್ಳಿಗಳ ಮೇಲೆ ಸುತ್ತಾಟ ಎಂದದ್ದೂ ಸುಳ್ಳು. ಬೇಲಿಯ ನಿಜ ಹೇಳಿ ಬರೆದ ನಿನ್ನ ಕಾಗದ ಎರಡೇ ದಿನಕ್ಕೆ ಕೈ ಸೇರಿತ್ತು. ಏನು ಬರೆಯಬೇಕೆಂದು ತಿಳಿಯದೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ.

ನಿನ್ನ ಹೆದರಿಕೆ ಹೋಗಲಿ ಎಂದು ಸುಳ್ಳು ಹೇಳಿದೆ ಎಂದು ಬರೆಯಬಹುದು. ಅದು ಅರ್ಧ ಮಾತ್ರ ನಿಜ. ಓಡಿಸಿದರೆ ನಿನ್ನ ಹತ್ತಿರ ಬರುತ್ತೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಹೆದರಿದೆ. ನೆಲ ಕದ್ದು ಗಂಡನ ಮನೆ ಬಿಟ್ಟು ಬಂದ ಅಕ್ಕ ಮನೆಯಲ್ಲಿದ್ದಾಳೆ ಎಂದರೆ ಚಿಂತಾಮಣಿಯವರು ಹೆಣ್ಣು ಕೊಡುತ್ತಾರೆಯೇ ಎಂದು ಯೋಚಿಸಿದೆ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ನೀನು. ನಿನ್ನ ವಿಷಯದಲ್ಲೇ ಹೀಗೆ ಯೋಚಿಸಿದೆ. ಬೈಯ್ಯಿ, ಆದರೆ ಆಮೇಲೆ.

ಮೊದಲು ಆ ಹುಡುಗಿ. ಅದು ಶಾಪವಲ್ಲ ಅಕ್ಕ, ಕಾಯಿಲೆ. ನಮ್ಮ ಬೀದಿಯಲ್ಲಿ ಬಸುರಿ ಹೆಂಗಸೊಬ್ಬಳು ಹೀಗೇ ಬಾತುಕೊಂಡು, ಕಣ್ಣು ಮಂಜಾಗಿ, ಆಮೇಲೆ ಸೆಟೆದುಕೊಂಡು ಹೋಗಿಬಿಟ್ಟಳು. ಎರಡು ದಿನ ಮೊದಲೇ ಕರೆತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಎಲ್ಲರ ಮುಂದೆ ಹೇಳಿದರು. ಗಂಗುಲಮ್ಮನನ್ನು ಆಸ್ಪತ್ರೆಗೆ ಕಳಿಸು. ಏನು ಹೇಳಿಯಾದರೂ ಕಳಿಸು. ತಡವಾದರೆ ಆ ಜೀವಕ್ಕೆ ನಾನೇ ಹೊಣೆ.

ನಾನೇ ಬರಬೇಕಿತ್ತು. ನಿನ್ನ ಮುಖ ನೋಡುವ ಧೈರ್ಯವಿಲ್ಲ.

ಚನ್ನಕೇಶವ


ದಿಬ್ಬೂರಹಳ್ಳಿ
5-12-1958, ಶುಕ್ರವಾರ

ಚನ್ನ,

ನಿನ್ನ ಕಾಗದ ಮಂಗಳವಾರ ಬೆಳಿಗ್ಗೆ ಬಂತು. ಓದಿ ಕೂತಲ್ಲೇ ಕೂತಿದ್ದೆ. ಬೈಯಲು ಹೊತ್ತಿರಲಿಲ್ಲ, ಈಗ ಮನಸ್ಸಿಲ್ಲ. ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ.

ನೆಟ್ಟಗೆ ನಲ್ಲಪ್ಪನ ಮನೆಗೆ ಹೋದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಗಂಗುಲಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಕಣ್ಣ ರೆಪ್ಪೆಯೂ ಊದಿತ್ತು. ನಲ್ಲಪ್ಪನಿಗೆ ಹೇಳಿದೆ, ಬೇಲಿ ಸರಿಸಿದವಳು ನಾನು, ನಿಮ್ಮ ಮಾತೇ ಸತ್ಯ, ನಿಮ್ಮ ಮೇಲೆ ಯಾವ ಶಾಪವೂ ಇಲ್ಲ, ಇದ್ದರೆ ನಮ್ಮ ಮೇಲೆ, ಮಗಳನ್ನು ಬಸ್ಸು ಹತ್ತಿಸಿ ಎಂದೆ. ಅವನು ನಂಬಲಿಲ್ಲ ಕಣೋ. ನಮ್ಮ ಸಂಕಟ ನೋಡಲಾರದೆ ಹೀಗೆ ಹೇಳುತ್ತಿದ್ದಾಳೆ, ಪುಣ್ಯಾತ್ಗಿತ್ತಿ ಎಂದು ನನಗೇ ಕೈ ಮುಗಿದ. ಸರ್ಕಾರದ ಕಾಗದದಲ್ಲೇ ಇದೆಯಂತಲ್ಲಮ್ಮ, ನಿಮ್ಮ ತಮ್ಮನೇ ನೋಡಿದ್ದಾರಲ್ಲ ಎಂದ. ನಾನು ಗಿರಣಿ ಹತ್ತಿರ ಆಡಿದ ಸುಳ್ಳನ್ನು ನಂಬಿದವನು, ಈಗ ಆಡಿದ ನಿಜವನ್ನು ನಂಬಲಿಲ್ಲ.

ಅವನು ನಂಬುವುದು ಒಂದನ್ನೇ ಎಂದು ನನಗೆ ಆಗ ತೋಚಿತು. ಮನೆಗೆ ಬಂದೆ. ಬಾವಿಯಿಂದ ನಾಲ್ಕು ಕೊಡ ಸೇದಿ ಸೀರೆಯ ಸಮೇತ ತಲೆಗೆ ಸುರಿದುಕೊಂಡೆ. ಮಂಕರಿಗೆ ಮಣ್ಣು ತುಂಬಿದೆ. ಎತ್ತಿಕೊಡಲು ಯಾರೂ ಇರಲಿಲ್ಲ, ಮೊಣಕಾಲೂರಿ ನಾನೇ ತಲೆಗೇರಿಸಿಕೊಂಡೆ. ನಡುಮಧ್ಯಾಹ್ನ. ಹೆಂಗಸು ಮಣ್ಣು ಹೊತ್ತದ್ದನ್ನು ಈ ಊರಲ್ಲಿ ಯಾರೂ ಕಂಡವರಿಲ್ಲ. ಮೊದಲು ಒಂದಿಬ್ಬರು, ಆಮೇಲೆ ಬೀದಿಗೆ ಬೀದಿಯೇ ಬಂದು ನಿಂತಿತು. ನಲ್ಲಪ್ಪನೂ ಬಂದ. ಹಳೆಯ ಬೇಲಿ ಇದ್ದ ಜಾಗದಲ್ಲಿ ನಿಂತು ಕೂಗಿ ಹೇಳಿದೆ, ಇದು ನಮ್ಮ ಗಡಿ, ಇದರಾಚೆ ನಮ್ಮದಲ್ಲ, ಕದ್ದವಳು ನಾನು, ಸುಳ್ಳಾಡಿದರೆ ಈ ಮಣ್ಣು ನನ್ನನ್ನು ತಿನ್ನಲಿ ಎಂದು. ಎಲ್ಲರಿಗೂ ಕೇಳಿಸಿತು.

ಅವರು ಹೊಲದಿಂದ ಬರುತ್ತಿರುವುದು ಕಂಡಿತು. ಓಡುತ್ತಿರಲಿಲ್ಲ, ಎಂದಿನ ನಡಿಗೆಯಲ್ಲೇ ಬರುತ್ತಿದ್ದರು. ನಾನು ತಲೆ ಎತ್ತಲಿಲ್ಲ. ಇವತ್ತಿಗೆ ಈ ಮನೆಯ ಋಣ ತೀರಿತು ಎಂದುಕೊಂಡು ನಡೆದೆ. ಜಾಲಿ ಮರದ ಹತ್ತಿರ ಬಂದಾಗ ಹಳೆಯ ಮೂಲೆ ಎಲ್ಲಿತ್ತು ಎಂದು ನನಗೇ ಗೊತ್ತಾಗಲಿಲ್ಲ. ಹೂಳು ತುಂಬಿ ನೆಲವೆಲ್ಲ ಒಂದೇ ಆಗಿದೆ. ಅಂದಾಜಿನ ಮೇಲೆ ತಿರುಗಲು ಹೋದೆ. ಹಿಂದಿನಿಂದ ಅವರ ದನಿ ಬಂತು.

“ಅಲ್ಲಲ್ಲ ಕಣೇ. ಮೂಲೆ ಇನ್ನೂ ಎರಡು ಹೆಜ್ಜೆ ನಮ್ಮ ಕಡೆಗೆ.”

ನಾನು ನಿಂತುಬಿಟ್ಟೆ. ಅವರು ಮುಂದೆ ಬಂದು ಒಂದು ಕಡೆ ಹಿಮ್ಮಡಿಯಿಂದ ಗೀರಿ ತೋರಿಸಿದರು. ಯಾರೋ ಗುದ್ದಲಿ ತಂದರು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಇದ್ದಿಲು ಸಿಕ್ಕಿತು. ಗಡಿಕಲ್ಲು ನೆಡುವಾಗ ಅಡಿಗೆ ಇದ್ದಿಲು ಹಾಕುವುದು ಹಿರಿಯರ ಪದ್ಧತಿಯಂತೆ, ಕಲ್ಲು ಹೋದರೂ ಅದು ಹೋಗುವುದಿಲ್ಲವಂತೆ. ನಲ್ಲಪ್ಪ ಒಂದು ತುಂಡು ಇದ್ದಿಲನ್ನು ಕೈಯಲ್ಲಿ ಹಿಡಿದು ನೋಡಿದ. ಮನೆಗೆ ಓಡಿದ. ಎರಡೂವರೆ ಗಂಟೆ ಬಸ್ಸಿಗೆ ಗಂಗುಲಮ್ಮನನ್ನು ಹತ್ತಿಸಿದರು. ಬಸ್ಸಿನವರೆಗೆ ಅವಳ ತಲೆಯನ್ನು ಹಿಡಿದುಕೊಂಡಿದ್ದವಳು ನಾನು.

ನಿನ್ನೆ ಸುದ್ದಿ ಬಂತು. ಏಳು ತಿಂಗಳಿಗೇ ಹೆರಿಗೆಯಾಗಿದೆ. ಅವಳು ಉಳಿದಿದ್ದಾಳೆ. ಮಗುವನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದಾರಂತೆ, ಅದರ ಮಾತು ಈಗಲೇ ಹೇಳಲಾಗದು ಎಂದರಂತೆ ಡಾಕ್ಟರು.

ಮಂಗಳವಾರ ಸಾಯಂಕಾಲ ಅವರ ಮುಂದೆ ಕೂತು ಕೇಳಿದೆ, ಯಾವಾಗಿನಿಂದ ಗೊತ್ತು ಎಂದು. ಚಿಂತಾಮಣಿಯಿಂದ ಬಂದ ದಿನವೇ ಗೊತ್ತಾಯ್ತು ಎಂದರು. ಹುಟ್ಟಿದಾಗಿನಿಂದ ನೋಡಿದ ಬೇಲಿ, ಗೊತ್ತಾಗುವುದಿಲ್ಲವೇ. ನಾನಾಗಿಯೇ ಹೇಳಲಿ ಎಂದು ಕಾದರಂತೆ. ಅಷ್ಟರಲ್ಲಿ ನಲ್ಲಪ್ಪ ಪಂಚಾಯ್ತಿ ಸೇರಿಸಿದ. ಮತ್ತೆ ಮಣ್ಣು ಯಾಕೆ ಹೊತ್ತಿರಿ ಎಂದು ಕೇಳಿದೆ.

“ಅಷ್ಟು ಜನರ ನಡುವೆ ನಿನ್ನ ಕಳ್ಳಿ ಅಂತ ಕರೀತಿದ್ರು. ಅದು ನನ್ನ ಕೈಲಿ ಆಗ್ತಿರ್ಲಿಲ್ಲ” ಎಂದರು.

ಹೆದರಿಕೆಯಾಗಲಿಲ್ಲವೇ ಎಂದೆ. ಮನೆಯಲ್ಲಿ ಇರುವುದು ಎರಡೇ ಜೀವ, ಯಾವುದು ಹೋಗುತ್ತದೋ ಎಂದು ನಿದ್ದೆಯೇ ಬರಲಿಲ್ಲವಂತೆ. ನನ್ನದು ಹೋಗಬಾರದೆಂದೇ ಬಾವಿ ಹತ್ತಿರ ಬಿಡುತ್ತಿರಲಿಲ್ಲವಂತೆ. ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ನನ್ನ ಉಸಿರು ನೋಡಿ, ಮತ್ತೆ ಕಣ್ಣು ಮುಚ್ಚಿ ಮಲಗಿದ ಹಾಗೆ ಇರುತ್ತಿದ್ದರಂತೆ. ನಾನು ನೋಡಿದ್ದು ಆ ಮುಚ್ಚಿದ ಕಣ್ಣನ್ನು.

ತಿಳಿಯದೆ ನಡೆದವರನ್ನು ದೇವರು ಬಿಟ್ಟಾನು ಎಂದು ನಿನಗೆ ಬರೆದಿದ್ದೆ. ಅವರು ತಿಳಿದೇ ನಡೆದರು ಚನ್ನ. ಇದ್ದ ಒಂದು ಆಸೆಯೂ ಹೋಯಿತು. ಇವತ್ತಿಗೆ ನಲವತ್ತಮೂರನೇ ದಿನ, ಇನ್ನು ಐದು ಉಳಿದಿವೆ. ಗೆರೆಯನ್ನು ಹಿಂದಕ್ಕೆ ಕೊಟ್ಟದ್ದು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂದು ಪಟೇಲರನ್ನು ಕೇಳಿದರೆ, ಹಾಗೆ ಆದದ್ದೇ ಇಲ್ಲ, ನನಗೆ ಹೇಗೆ ಗೊತ್ತಾಗಬೇಕು ಎನ್ನುತ್ತಾರೆ.

ಚಿಂತಾಮಣಿಯವರಿಗೆ ಈ ವಿಷಯ ಯಾರ ಬಾಯಿಂದಲೋ ತಿಳಿಯುವ ಮೊದಲು ನೀನೇ ಹೇಳಿಬಿಡು. ಕೊಡುವವರಾದರೆ ಕೊಡುತ್ತಾರೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ, ಇದೆ, ಇಳಿಯುತ್ತದೆ.

ನಿನ್ನೆಯಿಂದ ನೀರಿಗೆ ಇಬ್ಬರೂ ಒಟ್ಟಿಗೆ ಹೋಗುತ್ತೇವೆ. ಅವರು ಸೇದುತ್ತಾರೆ, ನಾನು ಅವರ ಪಂಚೆಯ ತುದಿ ಹಿಡಿದುಕೊಂಡಿರುತ್ತೇನೆ. ಊರವರು ನೋಡಿ ನಗುತ್ತಾರೆ. ಇಷ್ಟು ದಿನ ಒಂದೇ ಸೂರಿನ ಕೆಳಗೆ ಬೇರೆ ಬೇರೆಯಾಗಿ ಹೆದರಿಕೊಂಡಿದ್ದೆವು. ಈಗ ಒಟ್ಟಿಗೆ ಹೆದರುತ್ತಿದ್ದೇವೆ.

ಅಕ್ಕ
ವೆಂಕಟರತ್ನಮ್ಮ